ಎದೆಯ ದನಿಯನ್ನು ಆಲಿಸಿದ ವೈದ್ಯ

ಹತ್ತೊಂಬತ್ತನೆಯ ಶತಮಾನದ ಆದಿಭಾಗದವರೆಗೂ ವೈದ್ಯನಾದವನಿಗೆ ಮನುಷ್ಯನ ಎದೆಯೆಂಬುದು ಬಾಗಿಲು ಮುಚ್ಚಿದ ಮನೆಯಂತಿತ್ತು. ಅದರೊಳಗೆ ಹೃದಯವು ಬಡಿಯುತ್ತದೆ, ಶ್ವಾಸಕೋಶಗಳು ಉಸಿರನ್ನು ಎಳೆದು ಬಿಡುತ್ತವೆ ಎಂಬುದನ್ನು ಆತನು ಬಲ್ಲವನಾಗಿದ್ದನು. ಆದರೆ ತನ್ನ ಮುಂದೆ ಮಲಗಿರುವ ರೋಗಿಯಲ್ಲಿ ಅವು ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಅರಿಯುವ ಉಪಾಯ ಆತನಿಗೆ ಇರಲಿಲ್ಲ. ನಾಡಿಯನ್ನು ಹಿಡಿದು ನೋಡುವುದು, ನಾಲಗೆಯನ್ನು ಪರೀಕ್ಷಿಸುವುದು, ಮೂತ್ರದ ಬಣ್ಣವನ್ನೂ ಕಫದ ರೂಪವನ್ನೂ ಗಮನಿಸುವುದು, ಇದರ ಮೇಲೆ ರೋಗಿಯು ಹೇಳಿಕೊಂಡ ಮಾತನ್ನು ಕೇಳುವುದು, ಇಷ್ಟೇ ಆತನ ಸಾಧನಗಳು. ಕೆಮ್ಮು, ಜ್ವರ, ಎದೆನೋವು, ಉಬ್ಬಸ ಎಂಬ ನಾಲ್ಕು ದೂರುಗಳ ಹಿಂದೆ ಹತ್ತಾರು ರೋಗಗಳು ಅಡಗಿರುತ್ತವೆ. ಅವುಗಳಲ್ಲಿ ಕೆಲವು ತಾವಾಗಿಯೇ ಗುಣವಾಗುವಂಥವು, ಕೆಲವು ಪ್ರಾಣಾಂತಿಕವಾದವು. ಇದು ಯಾವುದು ಎಂದು ಗೊತ್ತಾಗದೆ ಔಷಧ ಕೊಡುವುದು ಕತ್ತಲೆಯಲ್ಲಿ ಕಲ್ಲೆಸೆದಂತೆಯೇ ಸರಿ. ರೋಗಿಯು ಮಡಿದ ಬಳಿಕ ಶವವನ್ನು ಸೀಳಿ ನೋಡಿದಾಗ ಮಾತ್ರ ನಿಜವಾದ ಕಾರಣ ಕಣ್ಣಿಗೆ ಬೀಳುತ್ತಿತ್ತು. ಅಷ್ಟರಲ್ಲಿ ಆ ಅರಿವಿನಿಂದ ಆ ರೋಗಿಗೆ ಆಗಬೇಕಾದ ಪ್ರಯೋಜನವೇನೂ ಉಳಿದಿರುತ್ತಿರಲಿಲ್ಲ.

ಈ ಮುಚ್ಚಿದ ಬಾಗಿಲನ್ನು ತೆರೆದವನು ಫ್ರಾನ್ಸ್ ದೇಶದ ವೈದ್ಯನಾದ ರೆನೆ ಥಿಯೋಫಿಲ್ ಹಯಸಿಂಥ್ ಲೇನೆಕ್.

ಲೇನೆಕನು 1781ನೆಯ ಇಸವಿ ಫೆಬ್ರವರಿ 17ರಂದು ಬ್ರಿಟನಿ ಪ್ರಾಂತದ ಕೆಂಪೇರ್ ಎಂಬ ಊರಿನಲ್ಲಿ ಹುಟ್ಟಿದನು. ಬ್ರಿಟನಿ ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಭೂಭಾಗ. ಅಲ್ಲಿನ ಹಳ್ಳಿಗರ ನುಡಿ ಫ್ರೆಂಚ್ ಅಲ್ಲ, ಬ್ರೆಟನ್ ಎಂಬ ಬೇರೊಂದು ಭಾಷೆ. ಲೇನೆಕನ ತಂದೆ ವಕೀಲನಾಗಿದ್ದನು. ಪದ್ಯ ಕಟ್ಟುವುದರಲ್ಲಿ ಇದ್ದ ಆಸಕ್ತಿ ಸಂಸಾರದ ಹೊಣೆಯಲ್ಲಿ ಆತನಿಗಿರಲಿಲ್ಲ. ಕೈಗೆ ಬಂದ ಹಣ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮಗನಿಗೆ ಐದು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆಕೆಯನ್ನು ಕೊಂಡೊಯ್ದದ್ದು ಕ್ಷಯವೇ ಇರಬೇಕೆಂದು ಊಹಿಸಲಾಗಿದೆ. ತಾಯಿಯಿಲ್ಲದ ಮಕ್ಕಳನ್ನು ನೋಡಿಕೊಳ್ಳುವುದು ತಂದೆಯಿಂದ ಆಗಲಿಲ್ಲ. ಮಗುವು ಸ್ವಲ್ಪಕಾಲ ಪಾದ್ರಿಯಾಗಿದ್ದ ಬಂಧುವಿನ ಮನೆಯಲ್ಲಿದ್ದು, 1788ರಲ್ಲಿ ನಾಂತ್ ನಗರದಲ್ಲಿದ್ದ ಚಿಕ್ಕಪ್ಪ ಗಿಯೋಮನ ಆಶ್ರಯವನ್ನು ಸೇರಿತು.

ಗಿಯೋಮ್ ಲೇನೆಕ್ ಹೆಸರಾಂತ ವೈದ್ಯ. ಅಣ್ಣನ ಮಗನನ್ನು ಸ್ವಂತ ಮಗನಂತೆ ಸಾಕಿದವನು ಆತನೇ, ವೈದ್ಯವಿದ್ಯೆಯ ಅಕ್ಷರಾಭ್ಯಾಸ ಮಾಡಿಸಿದವನೂ ಆತನೇ. ಹುಡುಗನು ಬಂದ ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. 1793ರಲ್ಲಿ ಅದರ ಉಗ್ರರೂಪ ನಾಂತ್ ನಗರದಲ್ಲಿ ಕಾಣಿಸಿಕೊಂಡಿತು. ಮನೆಯ ಸಮೀಪದ ಚೌಕದಲ್ಲಿಯೇ ಶಿರಚ್ಛೇದ ಯಂತ್ರವನ್ನು ನಿಲ್ಲಿಸಿದ್ದರು. ಕೆಲವು ವಾರಗಳ ಕಾಲ ಚಿಕ್ಕಪ್ಪನೂ ಸೆರೆಮನೆಯಲ್ಲಿರಬೇಕಾಯಿತು. ನಗರದ ಆಸ್ಪತ್ರೆಗಳು ಗಾಯಾಳುಗಳಿಂದ ತುಂಬಿದ್ದುವು. ಇಂಥ ದಿನಗಳಲ್ಲಿ, ಇನ್ನೂ ಹದಿನಾಲ್ಕರ ಹರೆಯದಲ್ಲಿ, ಲೇನೆಕನು ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಕೆಲಸಕ್ಕೆ ನಿಂತನು. ಬಿಡುವಿನಲ್ಲಿ ಗ್ರೀಕ್ ಕಲಿತನು, ಕೊಳಲು ಬಾರಿಸುವುದನ್ನು ಅಭ್ಯಾಸ ಮಾಡಿದನು. ಮುಂದೆ ಆತನಿಗೆ ಒದಗಿದ ಸೂಕ್ಷ್ಮವಾದ ಶ್ರವಣಶಕ್ತಿಗೆ ಈ ಕೊಳಲೂ ಕಾರಣವಾಗಿದ್ದೀತು.

1801ರಲ್ಲಿ ಲೇನೆಕನು ಪ್ಯಾರಿಸ್ಸಿಗೆ ಬಂದನು. ತಂದೆಯಿಂದ ಹಣ ಬರುವ ಭರವಸೆಯಿರಲಿಲ್ಲ, ಮೈಕಟ್ಟು ಕೃಶವಾದದ್ದು, ಎತ್ತರವೂ ಕಡಮೆ. ಆದರೂ ಎರಡು ವರ್ಷ ತುಂಬುವುದರೊಳಗೆ ಔಷಧವೈದ್ಯ ಮತ್ತು ಶಸ್ತ್ರವೈದ್ಯ ಎರಡರಲ್ಲಿಯೂ ಮೊದಲ ಬಹುಮಾನಗಳು ಆತನವಾದುವು. ಶಾರಿತೆ ಆಸ್ಪತ್ರೆಯಲ್ಲಿ ಆತನ ಗುರು ಕೋರ್ವಿಸಾರ್. ಈತನು ಮುಂದೆ ನೆಪೋಲಿಯನ್ ಚಕ್ರವರ್ತಿಯ ಆಸ್ಥಾನವೈದ್ಯನಾದವನು. ಆಡಿದ ಮಾತಿಗಿಂತ ಕಂಡ ಗುರುತಿಗೆ ಹೆಚ್ಚು ಬೆಲೆ ಕೊಡಬೇಕೆಂಬುದು ಈ ಗುರುವಿನ ಮತ. ವಿಯೆನ್ನಾದ ವೈದ್ಯನಾದ ಔಎನ್‌ಬ್ರುಗ್ಗರ್ 1761ರಲ್ಲಿ ಒಂದು ಸಣ್ಣ ಪುಸ್ತಕವನ್ನು ಬರೆದಿದ್ದನು. ಎದೆಯನ್ನು ಬೆರಳಿನಿಂದ ತಟ್ಟಿದರೆ, ಗಾಳಿಯಿರುವ ಕಡೆ ಟೊಳ್ಳು ಸದ್ದೂ ನೀರು ತುಂಬಿರುವ ಕಡೆ ಮಂದವಾದ ಸದ್ದೂ ಬರುತ್ತದೆ ಎಂಬುದು ಅದರ ಸಾರ. ಆತನ ತಂದೆ ಒಂದು ವಸತಿಗೃಹದ ಒಡೆಯ. ಪೀಪಾಯಿಯನ್ನು ತಟ್ಟಿ ಒಳಗೆ ಎಷ್ಟು ಮದ್ಯ ಉಳಿದಿದೆಯೆಂದು ತಿಳಿಯುವುದನ್ನು ನೋಡಿಯೇ ಮಗನಿಗೆ ಈ ಯುಕ್ತಿ ಹೊಳೆಯಿತೆಂದು ಹೇಳುತ್ತಾರೆ. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಪುಸ್ತಕವನ್ನು ಲಕ್ಷಿಸಿದವರು ವಿರಳ. ಕೋರ್ವಿಸಾರನು ಅದನ್ನು 1808ರಲ್ಲಿ ವಿಸ್ತಾರವಾದ ವ್ಯಾಖ್ಯಾನದೊಡನೆ ಫ್ರೆಂಚ್ ಭಾಷೆಗೆ ಅನುವಾದಿಸಿದನು. ತನ್ನದೇ ಶೋಧವೆಂದು ಸಾರಿಕೊಳ್ಳುವ ಅವಕಾಶವಿದ್ದರೂ ಮೂಲಕರ್ತೃವಿನ ಹೆಸರನ್ನು ಮುಂದಿಟ್ಟ ಈ ಪ್ರಾಮಾಣಿಕತೆ ಶಿಷ್ಯರ ಮೇಲೂ ಪರಿಣಾಮ ಮಾಡದೆ ಇರಲಿಲ್ಲ.

ಪ್ಯಾರಿಸ್ಸಿನ ವೈದ್ಯರು ಆ ಕಾಲದಲ್ಲಿ ಮತ್ತೊಂದು ಪದ್ಧತಿಯನ್ನು ಬೆಳೆಸುತ್ತಿದ್ದರು. ಆಸ್ಪತ್ರೆಯಲ್ಲಿ ಮಡಿದವರ ದೇಹಗಳನ್ನು ಸೀಳಿ, ಬದುಕಿದ್ದಾಗ ಕಂಡ ಲಕ್ಷಣಗಳನ್ನೂ ಒಳಗೆ ಕಾಣುವ ವಿಕಾರಗಳನ್ನೂ ಹೋಲಿಸಿ ನೋಡುವುದು ಆ ಪದ್ಧತಿ. ಲೇನೆಕನು ಇದರಲ್ಲಿ ಅಸಾಧಾರಣವಾದ ಪರಿಶ್ರಮವನ್ನು ಪಡೆದನು. ಒಮ್ಮೆ ಕ್ಷಯದಿಂದ ಸತ್ತವನೊಬ್ಬನ ಬೆನ್ನೆಲುಬನ್ನು ಗರಗಸದಿಂದ ಕೊಯ್ಯುತ್ತಿದ್ದಾಗ ಆತನ ಎಡಗೈಯ ತೋರುಬೆರಳಿಗೆ ಸಣ್ಣ ಗಾಯವಾಯಿತು. ಕೆಲವು ದಿನಗಳಲ್ಲಿ ಅಲ್ಲೊಂದು ಗಂಟು ಎದ್ದಿತು. ಆತನು ಅದನ್ನು ಕ್ಷಾರದಿಂದ ಸುಟ್ಟುಕೊಂಡನು, ಗಾಯ ಮಾಯ್ದಿತು. ಎಷ್ಟೋ ವರ್ಷಗಳ ಮೇಲೆ ಇದನ್ನು ತನ್ನ ಗ್ರಂಥದಲ್ಲಿ ಒಂದು ಸಣ್ಣ ಪ್ರಸಂಗವಾಗಿ ಬರೆದಿಟ್ಟನು. ಕ್ಷಯವು ಒಬ್ಬರಿಂದೊಬ್ಬರಿಗೆ ಅಂಟುವ ರೋಗವೆಂದು ಆಗಿನ ಪ್ಯಾರಿಸ್ಸಿನ ವೈದ್ಯರು ನಂಬಿರಲಿಲ್ಲ; ಲೇನೆಕನೂ ನಂಬಿರಲಿಲ್ಲ.

ಆದರೆ ಆ ರೋಗವು ಆತನನ್ನು ಸುತ್ತಲಿಂದಲೂ ಮುತ್ತಿಕೊಂಡಿತ್ತು. 1810ರಲ್ಲಿ ಆತನ ಪ್ರೀತಿಯ ತಮ್ಮ ಮಿಶೋ ಕ್ಷಯಕ್ಕೆ ತುತ್ತಾದನು. ಅದೇ ವರ್ಷ ಆತನ ಆಪ್ತಮಿತ್ರ ಬೇಯ್ಲ್ 900 ಶವಪರೀಕ್ಷೆಗಳ ಆಧಾರದ ಮೇಲೆ ಕ್ಷಯರೋಗವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ್ದನು. 1816ರಲ್ಲಿ ಆ ಮಿತ್ರನೂ ಕ್ಷಯದಿಂದಲೇ ತೀರಿಕೊಂಡನು. ಲೇನೆಕನಿಗೂ ಆಗಾಗ ಉಬ್ಬಸ, ಜ್ವರ, ಬಳಲಿಕೆ ಕಾಣಿಸಿಕೊಳ್ಳುತ್ತಿದ್ದುವು. ಅವನು ಅವುಗಳಿಗೆ ಬೇರೆ ಬೇರೆ ಕಾರಣಗಳನ್ನು ಹೇಳಿಕೊಳ್ಳುತ್ತಿದ್ದನು. ಈ ನಡುವೆ, 1814ರಲ್ಲಿ, ಯುದ್ಧದಿಂದ ಗಾಯಗೊಂಡು ಬಂದ ಬ್ರಿಟನಿಯ ಸೈನಿಕರ ಶುಶ್ರೂಷೆಯ ಹೊಣೆಯನ್ನು ಹೊತ್ತನು. ಫ್ರೆಂಚ್ ಭಾಷೆಯನ್ನು ಅರಿಯದ ಆ ಹಳ್ಳಿಯ ತರುಣರೊಡನೆ ಅವರ ತಾಯ್ನುಡಿಯಲ್ಲಿಯೇ ಮಾತನಾಡಿ ಅವರ ನೋವನ್ನು ವಿಚಾರಿಸುತ್ತಿದ್ದನು.

1816ರಲ್ಲಿ ಲೇನೆಕನು ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯ ವೈದ್ಯನಾಗಿ ನೇಮಕಗೊಂಡನು. ಆ ವರ್ಷ ಹೃದ್ರೋಗದ ಲಕ್ಷಣಗಳಿದ್ದ ಒಬ್ಬ ತರುಣಿ ಆತನ ಬಳಿಗೆ ಬಂದಳು. ಆಕೆಯ ಮೈ ಸ್ಥೂಲವಾಗಿದ್ದುದರಿಂದ ಎದೆಯನ್ನು ತಟ್ಟಿದಾಗ ಸ್ಪಷ್ಟವಾದ ಸದ್ದು ಹೊರಡಲಿಲ್ಲ, ಕೈಯಿಟ್ಟು ನೋಡಿದರೂ ಏನೂ ತಿಳಿಯಲಿಲ್ಲ. ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುವ ಕ್ರಮ ಗ್ರೀಕರ ಕಾಲದಿಂದಲೂ ಇತ್ತು. ಆದರೆ ರೋಗಿಯು ಹೆಣ್ಣು, ಹರೆಯದವಳು. ಹಾಗೆ ಮಾಡುವುದು ಸಭ್ಯವಾಗಿ ಕಾಣಲಿಲ್ಲ. ಆಗ ಆತನಿಗೆ ಒಂದು ಸಂಗತಿ ನೆನಪಾಯಿತು. ಉದ್ದವಾದ ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀರಿದರೆ, ಇನ್ನೊಂದು ತುದಿಗೆ ಕಿವಿಗೊಟ್ಟವನಿಗೆ ಆ ಸದ್ದು ಚೆನ್ನಾಗಿ ಕೇಳಿಸುತ್ತದೆ. ಮಕ್ಕಳು ಹೀಗೆ ಆಟವಾಡುತ್ತಿದ್ದುದನ್ನು ಆತನು ಕಂಡಿದ್ದನೆಂಬ ಕಥೆಯೂ ಉಂಟು. ಆದರೆ ತನ್ನ ಬರಹದಲ್ಲಿ ಆತನು ಅದನ್ನು ಹೇಳಿಲ್ಲ. ಲೇನೆಕನು ಒಂದು ದಸ್ತು ಕಾಗದವನ್ನು ತರಿಸಿ ಬಿಗಿಯಾಗಿ ಸುರುಳಿ ಸುತ್ತಿದನು. ಅದರ ಒಂದು ತುದಿಯನ್ನು ರೋಗಿಯ ಹೃದಯದ ಮೇಲಿಟ್ಟು ಮತ್ತೊಂದು ತುದಿಗೆ ಕಿವಿಯೊಡ್ಡಿದನು. ಹೃದಯದ ಬಡಿತವು, ನೇರವಾಗಿ ಕಿವಿಯಿಟ್ಟು ಕೇಳಿದಾಗಿಗಿಂತಲೂ ಸ್ಪಷ್ಟವಾಗಿ ಕೇಳಿಸಿತು. ಆತನಿಗೆ ಆಶ್ಚರ್ಯವೂ ಆನಂದವೂ ಒಟ್ಟಿಗೆ ಆದುವು.

ಮುಂದೆ ಆತನು ಮರ, ಬೆತ್ತ, ಗಾಜು, ಲೋಹ ಮುಂತಾದ ವಸ್ತುಗಳಿಂದೆಲ್ಲ ಕೊಳವೆಗಳನ್ನು ಮಾಡಿ ಪರೀಕ್ಷಿಸಿದನು. ಅತಿ ಗಟ್ಟಿಯಾದ ವಸ್ತುಗಳಿಗಿಂತ ಹಗುರವಾದ ಮರವೇ ಮೇಲೆಂದು ಕಂಡುಬಂದಿತು. ಸುಮಾರು ಒಂದು ಅಡಿ ಉದ್ದ, ಒಂದೂವರೆ ಅಂಗುಲ ದಪ್ಪ, ನಡುವೆ ಸಣ್ಣ ರಂಧ್ರ, ಎರಡು ಭಾಗವಾಗಿ ಬಿಚ್ಚಿ ಜೋಡಿಸಬಹುದಾದ ರಚನೆ. ಇದು ಕೊನೆಗೆ ನಿಂತ ರೂಪ. ಮರ ಕಡೆಯುವ ಯಂತ್ರದಲ್ಲಿ ಇಂಥ ಕೊಳವೆಗಳನ್ನು ಆತನೇ ಕಡೆದು ಮಾಡಿಕೊಳ್ಳುತ್ತಿದ್ದನು. ಮೊದಲು ಅದನ್ನು ಬರಿಯ ಕೊಳವೆಯೆಂದೇ ಕರೆಯುತ್ತಿದ್ದು, ಬಳಿಕ ಎದೆ ಮತ್ತು ನೋಡು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಸ್ಟೆತಾಸ್ಕೋಪ್ ಎಂದು ಹೆಸರಿಟ್ಟನು.

ಕೊಳವೆಯನ್ನು ಮಾಡಿದ್ದು ದೊಡ್ಡ ಸಾಧನೆಯಲ್ಲ. ಕಾಗದವನ್ನು ಯಾರಾದರೂ ಸುತ್ತಬಹುದು. ಕಿವಿಗೆ ಬಿದ್ದ ಸದ್ದಿಗೆ ಅರ್ಥವನ್ನು ಹೇಗೆ ಕಂಡುಕೊಳ್ಳುವುದು? ಲೇನೆಕನ ಹಿರಿಮೆ ಇರುವುದು ಇಲ್ಲಿ. ಎದೆಯೊಳಗೆ ಗೊರಗೊರ ಎಂಬ ಸದ್ದು ಕೇಳಿಸಿತೆನ್ನೋಣ. ಅದು ಯಾವುದರ ಸದ್ದು ಎಂದು ಹೇಳಿಕೊಡುವ ಗುರುವೂ ಇರಲಿಲ್ಲ, ಗ್ರಂಥವೂ ಇರಲಿಲ್ಲ. ಅದಕ್ಕಾಗಿ ಆತನು ಕಠಿಣವಾದ ಒಂದು ನಿಯಮವನ್ನು ಹಾಕಿಕೊಂಡನು. ಪ್ರತಿಯೊಬ್ಬ ರೋಗಿಯ ಎದೆಯನ್ನೂ ಭಾಗಭಾಗವಾಗಿ ಆಲಿಸಬೇಕು. ಕೇಳಿಸಿದ್ದನ್ನು ಆಗಲೇ ಬರೆದಿಡಬೇಕು. ಒಳಗೆ ಇಂಥ ವಿಕಾರವಿರಬೇಕೆಂಬ ತನ್ನ ಊಹೆಯನ್ನೂ ಬರೆದಿಡಬೇಕು. ರೋಗಿಯು ಗುಣವಾದರೆ ಸರಿ, ಸದ್ದು ಹೇಗೆ ಬದಲಾಯಿತೆಂದು ಗುರುತಿಸಬೇಕು. ಮಡಿದರೆ ಶವವನ್ನು ಪರೀಕ್ಷಿಸಿ ಬರೆದಿಟ್ಟ ಊಹೆ ನಿಜವಾಯಿತೆ ಎಂದು ನೋಡಬೇಕು. ಊಹೆ ಸುಳ್ಳಾದ ದಿನ ಅದನ್ನು ಮರೆಮಾಚುವಂತಿಲ್ಲ. ಬರೆದದ್ದು ಕಾಗದದ ಮೇಲೆ ಇದ್ದೇ ಇರುತ್ತದೆ. ಮೂರು ವರ್ಷಗಳ ಕಾಲ ಹೀಗೆ ದಿನದಿನವೂ ತನ್ನನ್ನು ತಾನು ಪರೀಕ್ಷೆಗೆ ಒಡ್ಡಿಕೊಂಡನು.

ಒಂದು ನಿದರ್ಶನವನ್ನು ನೋಡಬಹುದು. ಇಪ್ಪತ್ತೆಂಟು ವರ್ಷದ ಒಬ್ಬ ಹೆಂಗಸು ಅಲ್ಪಸ್ವಲ್ಪ ಜ್ವರ ಮತ್ತು ಇತ್ತೀಚೆಗೆ ಆರಂಭವಾದ ಕೆಮ್ಮಿನಿಂದ ಆಸ್ಪತ್ರೆಗೆ ಬಂದಿದ್ದಳು. ಇಷ್ಟು ಸಾಮಾನ್ಯವಾದ ದೂರಿಗೆ ಯಾವ ವೈದ್ಯನೂ ಗಾಬರಿಗೊಳ್ಳುವಂತಿರಲಿಲ್ಲ. ಲೇನೆಕನು ಕೊಳವೆಯನ್ನು ಆಕೆಯ ಎದೆಯ ಮೇಲ್ಭಾಗದಲ್ಲಿಟ್ಟು ಮಾತನಾಡಲು ಹೇಳಿದನು. ಆಕೆಯ ಧ್ವನಿ ಬಾಯಿಂದಲ್ಲ, ಎದೆಯಿಂದಲೇ ಹೊರಟು ಕೊಳವೆಯ ಮೂಲಕ ನೇರವಾಗಿ ಕಿವಿಗೆ ಬಂದಂತೆ ಕೇಳಿಸಿತು. ಸ್ವಲ್ಪ ಆಚೆಗೆ ಸರಿಸಿದರೆ ಆ ವಿಶೇಷವಿಲ್ಲ. ಆತನು ಆಸ್ಪತ್ರೆಯ ಇತರ ರೋಗಿಗಳನ್ನೂ ಹೀಗೆಯೇ ಪರೀಕ್ಷಿಸಿದಾಗ ಅವರಲ್ಲಿಯೂ ಹಲವರಿಗೆ ಈ ಲಕ್ಷಣವಿರುವುದು ಕಂಡಿತು. ಅವರಲ್ಲಿ ಬಹುಮಂದಿ ಕ್ಷಯರೋಗಿಗಳು. ಮುಂದೆ ಅವರಲ್ಲಿ ಮಡಿದವರ ಶ್ವಾಸಕೋಶಗಳನ್ನು ಪರೀಕ್ಷಿಸಿದಾಗ, ಧ್ವನಿ ಕೇಳಿಸಿದ ಜಾಗದಲ್ಲಿಯೇ ಕ್ಷಯದಿಂದ ಕೊರೆದುಹೋದ ಗುಳಿಗಳಿದ್ದುವು. ಗುಳಿಯ ಟೊಳ್ಳು ದನಿಯನ್ನು ಹಾಗೆ ಸಾಗಿಸುತ್ತಿತ್ತು. ಸಾಮಾನ್ಯವಾದ ಕೆಮ್ಮಿನ ಹಿಂದೆ ಅಡಗಿದ್ದ ಮೃತ್ಯು ಹೀಗೆ ಮುಂಚಿತವಾಗಿಯೇ ತನ್ನ ಇರವನ್ನು ಹೇಳಿಕೊಂಡಿತು.

ಒಂದೇ ಬಗೆಯ ದೂರು ಹೇಳಿಕೊಂಡು ಬಂದವರನ್ನು ಬೇರೆ ಬೇರೆಯಾಗಿ ಗುರುತಿಸುವುದು ಆತನಿಗೆ ಕ್ರಮೇಣ ಸಾಧ್ಯವಾಯಿತು. ಉಸಿರಾಡಲು ಕಷ್ಟಪಡುತ್ತಿರುವ ಕೆಲವರು ಸಾಲಾಗಿ ಮಲಗಿದ್ದಾರೆಂದು ಭಾವಿಸಿ. ಮೊದಲನೆಯವನ ಎದೆಯಲ್ಲಿ, ಕಾದ ಬಾಣಲೆಗೆ ಉಪ್ಪು ಹಾಕಿದಾಗ ಸಿಡಿಯುವಂಥ ಸಣ್ಣ ಚಟಚಟ ಸದ್ದು ಉಸಿರೆಳೆದಾಗಲೆಲ್ಲ ಕೇಳಿಸುತ್ತದೆ. ಅದು ನ್ಯುಮೋನಿಯಾದ ಮೊದಲ ಹಂತ. ಎರಡನೆಯವನ ಎದೆಯ ಕೆಳಭಾಗವನ್ನು ತಟ್ಟಿದರೆ ಮಂದವಾದ ಸದ್ದು, ಅಲ್ಲಿ ಉಸಿರಿನ ದನಿಯಿಲ್ಲ, ಆತನು ಮಾತನಾಡಿದರೆ ಅದರ ಅಂಚಿನಲ್ಲಿ ಮೇಕೆ ಅರಚಿದಂಥ ನಡುಕದ ಧ್ವನಿ. ಶ್ವಾಸಕೋಶವನ್ನು ಹೊದೆದಿರುವ ಪೊರೆಗಳ ನಡುವೆ ನೀರು ತುಂಬಿದೆ. ಮೂರನೆಯವನದು ವಿರಳವಾದ ರೋಗ. ಎದೆಯ ಒಂದು ಪಕ್ಕವನ್ನು ತಟ್ಟಿದರೆ ಆರೋಗ್ಯವಂತನಿಗಿಂತ ಹೆಚ್ಚು ಟೊಳ್ಳಾಗಿ ಮೊಳಗುತ್ತದೆ, ಕೊಳವೆಯಿಟ್ಟರೆ ಮಾತ್ರ ಉಸಿರಿನ ಸುಳಿವೇ ಇಲ್ಲ. ತಟ್ಟುವುದನ್ನು ಮಾತ್ರ ಬಲ್ಲ ವೈದ್ಯನು ಆ ಪಕ್ಕವೇ ಚೆನ್ನಾಗಿದೆ ಎಂದು ತಪ್ಪು ತಿಳಿಯುವ ಸಂಭವವಿತ್ತು. ನಿಜವಾಗಿ ಅಲ್ಲಿ ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡು ಶ್ವಾಸಕೋಶವನ್ನು ಅದುಮಿ ಕುಗ್ಗಿಸಿರುತ್ತದೆ. ಶ್ವಾಸನಾಳಗಳು ಹಿಗ್ಗಿ ಕೀವು ನಿಲ್ಲುವ ರೋಗವನ್ನು ಮೊದಲು ವಿವರಿಸಿದವನೂ ಲೇನೆಕನೇ. ಎದೆಯಿಂದ ಕೆಳಗಿಳಿದು, ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುವ ರೋಗಕ್ಕೆ ಸಿರೋಸಿಸ್ ಎಂದು ಹೆಸರಿಟ್ಟವನೂ ಆತನೇ. ಅಂಥ ಯಕೃತ್ತಿನ ಕಂದು ಹಳದಿ ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಆ ಹೆಸರು ಬಂದಿತು.

1819ರಲ್ಲಿ ಲೇನೆಕನ ಗ್ರಂಥವು ಎರಡು ಸಂಪುಟಗಳಲ್ಲಿ ಹೊರಬಂದಿತು. ಸ್ವಲ್ಪ ಹೆಚ್ಚಿಗೆ ಹಣ ಕೊಟ್ಟವರಿಗೆ ಅದರೊಡನೆ ಒಂದು ಮರದ ಕೊಳವೆಯೂ ದೊರೆಯುತ್ತಿತ್ತು. ಎಲ್ಲರೂ ಅದನ್ನು ಒಡನೆಯೇ ಸ್ವಾಗತಿಸಿದರೆಂದು ಹೇಳುವಂತಿಲ್ಲ. ಪ್ಯಾರಿಸ್ಸಿನ ಪ್ರಬಲ ವೈದ್ಯನಾದ ಬ್ರೂಸ್ಸೆ ಲೇನೆಕನ ಕಡುವಿರೋಧಿ. ರೋಗಗಳೆಲ್ಲಕ್ಕೂ ಮೂಲ ಒಂದೇ, ಅದು ಜಠರ ಮತ್ತು ಕರುಳುಗಳ ಉರಿಯೂತ, ಜಿಗಣೆ ಹಚ್ಚಿ ರಕ್ತ ತೆಗೆಯುವುದೇ ಅದಕ್ಕೆ ಮದ್ದು ಎಂಬುದು ಆತನ ಸಿದ್ಧಾಂತ. ಎಲ್ಲ ರೋಗವೂ ಒಂದೇ ಎನ್ನುವವನಿಗೆ ರೋಗರೋಗಕ್ಕೂ ಬೇರೆ ಗುರುತು ಹುಡುಕುವವನ ಶ್ರಮ ವ್ಯರ್ಥವಾಗಿ ಕಂಡದ್ದು ಸಹಜವೇ. ವಾದವು ಕಟುವಾಗಿ ಬಹುಕಾಲ ನಡೆಯಿತು. ಲೇನೆಕನೂ ಮೃದುವಾಗಿ ಉತ್ತರ ಕೊಡುವ ಸ್ವಭಾವದವನಲ್ಲ.

ಗ್ರಂಥದ ಕಾರ್ಯದಿಂದ ಆತನ ಆರೋಗ್ಯ ಸಂಪೂರ್ಣ ಕುಸಿಯಿತು. ಪ್ಯಾರಿಸ್ಸನ್ನು ಬಿಟ್ಟು ಬ್ರಿಟನಿಯ ಕೆರ್ಲುವಾರ್ನೆಕ್ ಎಂಬಲ್ಲಿದ್ದ ತನ್ನ ಸಣ್ಣ ಜಮೀನಿಗೆ ಹೋಗಿ, ಸಮುದ್ರದ ಗಾಳಿಯಲ್ಲಿ ಎರಡು ವರ್ಷ ಕಳೆದನು. ಚೇತರಿಸಿಕೊಂಡು 1821ರಲ್ಲಿ ಮರಳಿದವನಿಗೆ ಪದವಿಗಳು ತಾವಾಗಿಯೇ ಬಂದುವು. 1822ರಲ್ಲಿ ಕಾಲೇಜ್ ದ ಫ್ರಾನ್ಸಿನಲ್ಲಿ ಪ್ರಾಧ್ಯಾಪಕನಾದನು. ಮರುವರ್ಷ ತಾನು ವಿದ್ಯಾರ್ಥಿಯಾಗಿದ್ದ ಶಾರಿತೆ ಆಸ್ಪತ್ರೆಯಲ್ಲಿಯೇ ಗುರುವಿನ ಸ್ಥಾನವನ್ನು ಪಡೆದನು. ಪರದೇಶಗಳಿಂದ ಬಂದ ತರುಣ ವೈದ್ಯರು ಆತನ ಹಿಂದೆ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಿದ್ದರು. ಅವರೆಲ್ಲರಿಗೂ ತಿಳಿಯಲೆಂದು ಪಾಠವನ್ನು ಲ್ಯಾಟಿನ್ ಭಾಷೆಯಲ್ಲಿ ಹೇಳುತ್ತಿದ್ದನು. ರೋಗಿಯ ಎದುರಿಗೇ ಆತನ ರೋಗದ ಗತಿಯನ್ನು ಚರ್ಚಿಸುವಾಗ ಆ ಭಾಷೆ ರೋಗಿಗೆ ಅರ್ಥವಾಗದಿದ್ದುದೂ ಒಂದು ಅನುಕೂಲವೇ ಆಗಿತ್ತು.

ಆತನು ಹೇಳಿದ್ದೆಲ್ಲವೂ ನಿಜವಾಗಲಿಲ್ಲ. ಹೃದಯದ ಎರಡನೆಯ ಸದ್ದು ಹೃತ್ಕರ್ಣಗಳು ಸಂಕೋಚಿಸುವುದರಿಂದ ಹುಟ್ಟುತ್ತದೆಂದು ಭಾವಿಸಿದ್ದನು. ಅದು ಕವಾಟಗಳು ಮುಚ್ಚುವ ಸದ್ದೆಂಬುದು ಆತನ ಮರಣಾನಂತರ ತಿಳಿಯಿತು. ಕ್ಷಯವು ಅಂಟುರೋಗವೆಂಬುದನ್ನು 1865ರಲ್ಲಿ ವಿಲ್‌ಮೆನ್ ಪ್ರಯೋಗದಿಂದ ತೋರಿಸಿದನು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅದರ ರೋಗಾಣುವನ್ನು ಕಂಡುಹಿಡಿದನು. ಚಿಕಿತ್ಸೆಯಲ್ಲಂತೂ ಲೇನೆಕನ ಕೈ ಕಟ್ಟಿಹಾಕಿದಂತಿತ್ತು. ಎದೆಯ ಯಾವ ಪಕ್ಕದಲ್ಲಿ ಕೀವು ನಿಂತಿದೆಯೆಂದು ನಿಶ್ಚಯವಾಗಿ ಹೇಳಿದರೆ ಶಸ್ತ್ರವೈದ್ಯನು ಅದನ್ನು ಹೊರಕ್ಕೆ ಹರಿಸಬಹುದಾಗಿತ್ತು. ಕ್ಷಯಕ್ಕೆ ಅಂಥ ದಾರಿಯೂ ಇರಲಿಲ್ಲ. ಆದರೂ ಆತನು ಆಸೆ ಬಿಟ್ಟವನಲ್ಲ. ಬೇರೆ ಕಾರಣದಿಂದ ಸತ್ತ ಕೆಲವರ ಶ್ವಾಸಕೋಶಗಳಲ್ಲಿ ಹಳೆಯ ಗುಳಿಗಳು ಮಾಯ್ದು ಕಲೆಯಾಗಿರುವುದನ್ನು ಕಂಡಿದ್ದನು. ಎಂದಮೇಲೆ ಈ ರೋಗವೂ ಗುಣವಾಗಬಲ್ಲದು ಎಂದು ತರ್ಕಿಸಿದ್ದನು. ಬ್ರಿಟನಿಯ ಕಡಲಗಾಳಿಯಿಂದ ತನಗಾದ ಉಪಕಾರವನ್ನು ನೆನೆದು, ಅಲ್ಲಿಂದ ಕಡಲಪಾಚಿಯನ್ನು ತರಿಸಿ ಆಸ್ಪತ್ರೆಯಲ್ಲಿ ರೋಗಿಗಳ ಮಂಚಗಳ ಸುತ್ತ ಇರಿಸಿದ್ದೂ ಉಂಟು. ಅದರಿಂದ ಅವರು ಗುಣವಾಗಲಿಲ್ಲ. ಕ್ಷಯದ ರೋಗಾಣುವನ್ನು ಅಡಗಿಸುವ ಮೊದಲ ಪ್ರಬಲ ಔಷಧವಾದ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ.

1824ರ ಕೊನೆಯಲ್ಲಿ ಲೇನೆಕನು ವಿವಾಹವಾದನು. ಗೃಹಸ್ಥಜೀವನವು ಎರಡು ವರ್ಷವೂ ತುಂಬಲಿಲ್ಲ. ತನ್ನ ಗ್ರಂಥದ ಎರಡನೆಯ ಆವೃತ್ತಿಯನ್ನು ಸಿದ್ಧಪಡಿಸಲು ಆತನು ಹಗಲಿರುಳೂ ದುಡಿದನು. ಮೊದಲ ಆವೃತ್ತಿಯಲ್ಲಿ ಎದೆಯಲ್ಲಿ ಕೇಳುವ ಸದ್ದುಗಳನ್ನನುಸರಿಸಿ ವಿಷಯವನ್ನು ಜೋಡಿಸಿದ್ದನು. ಈಗ ರೋಗಗಳನ್ನನುಸರಿಸಿ, ಒಂದೊಂದಕ್ಕೂ ಒಳಗಿನ ವಿಕಾರ, ಹೊರಗಿನ ಗುರುತು, ಚಿಕಿತ್ಸೆ ಎಂಬ ಕ್ರಮದಲ್ಲಿ ಎಲ್ಲವನ್ನೂ ಹೊಸದಾಗಿ ಬರೆದನು. 1826ರಲ್ಲಿ ಗ್ರಂಥವು ಮುಗಿಯುವ ಹೊತ್ತಿಗೆ ಜ್ವರ, ಕೆಮ್ಮು, ಭೇದಿಗಳಿಂದ ದೇಹವು ಕೇವಲ ಎಲುಬಿನ ಗೂಡಾಗಿತ್ತು.

ಆತನ ಬಂಧುವೂ ಶಿಷ್ಯನೂ ಆದ ಮೇರಿಯಾಡೆಕ್ ಆಗ ತರುಣ ವೈದ್ಯನಾಗಿದ್ದನು. ತನ್ನ ಎದೆಯನ್ನು ಕೊಳವೆಯಿಟ್ಟು ಪರೀಕ್ಷಿಸುವಂತೆ ಲೇನೆಕನು ಆತನಿಗೆ ಹೇಳಿದನು. ಏನು ಕೇಳಿಸುತ್ತಿದೆಯೆಂದು ವಿವರವಾಗಿ ವಿಚಾರಿಸಿದನು. ಶಿಷ್ಯನು ವರ್ಣಿಸಿದ ಸದ್ದುಗಳು ಗುರುವಿಗೆ ಹೊಸವಲ್ಲ. ನೂರಾರು ರೋಗಿಗಳಲ್ಲಿ ಆತನು ಅವನ್ನು ಕೇಳಿದ್ದನು, ಅವುಗಳ ಅರ್ಥವನ್ನು ಲೋಕಕ್ಕೆ ಹೇಳಿಕೊಟ್ಟವನು ಆತನೇ. ಹಲವು ವರ್ಷಗಳಿಂದ ಬೇರೆ ಬೇರೆ ಹೆಸರು ಕೊಟ್ಟುಕೊಂಡು ಬಂದಿದ್ದ ತನ್ನ ಕಾಯಿಲೆ ಯಾವುದೆಂಬುದರಲ್ಲಿ ಇನ್ನು ಸಂಶಯವಿರಲಿಲ್ಲ. ಆ ಬೇಸಗೆಯಲ್ಲಿ ಪ್ಯಾರಿಸ್ಸನ್ನು ಬಿಟ್ಟು ಹೆಂಡತಿಯೊಡನೆ ಮತ್ತೆ ಕೆರ್ಲುವಾರ್ನೆಕ್ಕಿಗೆ ಹೊರಟನು. ದೂರದ ಗಾಡಿಯ ಪ್ರಯಾಣ. ಊರು ಸೇರಿದ ಮೇಲೆ ಕೆಲವು ದಿನ ಹಾಯೆನಿಸಿತು. ಆದರೆ ಈ ಸಲ ಕಡಲಗಾಳಿಯು ಫಲಿಸಲಿಲ್ಲ. 1826ರ ಆಗಸ್ಟ್ 13ರಂದು, ತನ್ನ ನಲವತ್ತೈದನೆಯ ವಯಸ್ಸಿನಲ್ಲಿ, ಲೇನೆಕನು ಅಲ್ಲಿಯೇ ಕಣ್ಣುಮುಚ್ಚಿದನು. ಸಮೀಪದ ಪ್ಲೋಆರೆ ಎಂಬ ಊರಿನಲ್ಲಿ ಆತನನ್ನು ಮಣ್ಣು ಮಾಡಿದರು.

ಮರಣಶಾಸನದಲ್ಲಿ ಆತನು ತನ್ನ ವೈದ್ಯಗ್ರಂಥಗಳನ್ನೂ ಗಡಿಯಾರವನ್ನೂ ಉಂಗುರವನ್ನೂ ಮೇರಿಯಾಡೆಕ್‌ನಿಗೆ ಬಿಟ್ಟಿದ್ದನು. ಅವುಗಳೊಡನೆ ತನ್ನ ಮರದ ಕೊಳವೆಯನ್ನೂ ಸೇರಿಸಿದ್ದನು. ತಾನು ಬಿಟ್ಟುಹೋಗುತ್ತಿರುವ ಆಸ್ತಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಅದೇ ಎಂದು ಆತನು ಭಾವಿಸಿದ್ದನು.